ಕಂಕುಳ ಕೂಸು, ಓಡೋ ಮಗು, ಒಂದು ಮ್ಯೂಸಿಯಂ: ಹಾಸನ–ಚಿಕ್ಕಮಗಳೂರಿನ ಅಪ್ಪ ಅಮ್ಮಂದಿರಿಗೆ

ಎರಡು ವರ್ಷದ ಮಗುವಿಗೆ ಮ್ಯೂಸಿಯಂ ಏನು ಅರ್ಥವಾಗುತ್ತೆ, ಸುಮ್ನೆ ದುಡ್ಡು ದಂಡ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅರ್ಥವಾಗುವುದಿಲ್ಲ, ನಿಜ. ಹೊಯ್ಸಳರು ಯಾರು, ಉಗಿಬಂಡಿ ಹೇಗೆ ಓಡುತ್ತಿತ್ತು ಎಂಬುದೆಲ್ಲ ಅದಕ್ಕೆ ಬೇಕಾಗಿಯೂ ಇಲ್ಲ. ಆದರೆ ಆನೆ ಕಂಡರೆ ಬೆರಳು ತೋರಿಸಿ ಕೂಗಲು ಬರುತ್ತದೆ. ಚಕ್ರ ಕಂಡರೆ ನಿಂತು ನೋಡಲು ಬರುತ್ತದೆ. ಮಗುವಿಗೆ ಅಷ್ಟು ಸಾಕು. ಸಾಲದಿರುವುದು ನಮಗೆ. ಇಷ್ಟು ದೂರ ಬಂದಿದ್ದೇವೆ, ಎಲ್ಲ ನೋಡಿಕೊಂಡೇ ಹೋಗೋಣ ಎಂದು ಹೊರಡುತ್ತೇವಲ್ಲ, ಅಳು, ಹಠ, ಗಂಡ ಹೆಂಡತಿಯ ಮುನಿಸು ಎಲ್ಲ ಶುರುವಾಗುವುದು ಅಲ್ಲಿಂದ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಕಣ್ಣೆತ್ತರದಲ್ಲಿ ಇರುವುದನ್ನು, ಅದರ ನಿದ್ದೆ ಮತ್ತು ಹೊಟ್ಟೆ ನೋಡಿಕೊಂಡು, ಒಂದು ಗಂಟೆ ತೋರಿಸಿ. ಉಳಿದದ್ದನ್ನು ಬಿಟ್ಟು ಬನ್ನಿ. ಮುಂದೆ ಬರೆದಿರುವುದೆಲ್ಲ ಇದನ್ನು ಮಾಡುವುದು ಹೇಗೆ ಎಂಬುದಕ್ಕೆ.

ಎಲ್ಲಿಗೆ ಹೋಗುವುದು

ಮಕ್ಕಳಿಗೆಂದೇ ಮ್ಯೂಸಿಯಂ ಮಾಡುವುದು ತೀರಾ ಹೊಸ ವಿಚಾರವಲ್ಲ. ಅಮೆರಿಕದ ಬ್ರೂಕ್ಲಿನ್‌ನಲ್ಲಿ 1899ರಲ್ಲೇ ಅಂಥದ್ದೊಂದು ಶುರುವಾಯಿತು. ಗಾಜಿನ ಪೆಟ್ಟಿಗೆಯೊಳಗಿನ ವಸ್ತುವನ್ನು ದೂರದಿಂದ ನೋಡುವ ಬದಲು ಮಕ್ಕಳು ಮುಟ್ಟಿ, ತಿರುಗಿಸಿ, ಆಡಿ ನೋಡಲಿ ಎಂಬುದು ಅದರ ಹಿಂದಿದ್ದ ಯೋಚನೆ. ನಮ್ಮ ದೇಶದಲ್ಲಿ ಕೋಲ್ಕತ್ತಾದ ನೆಹರೂ ಮಕ್ಕಳ ಮ್ಯೂಸಿಯಂ 1972ರಿಂದ ಇದೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಆವರಣದಲ್ಲಿ 2019ರಲ್ಲಿ ಮಕ್ಕಳಿಗೆಂದೇ ಒಂದು ಕಟ್ಟಡ ತೆರೆಯಿತು. ಅಷ್ಟು ದೂರ ಕಂಕುಳ ಕೂಸು ಕಟ್ಟಿಕೊಂಡು ಹೋಗುವ ಅಗತ್ಯ ಯಾರಿಗೂ ಇಲ್ಲ. ನಮ್ಮ ಸುತ್ತಮುತ್ತ ಇರುವ ಜಾಗಗಳನ್ನೇ ಮಕ್ಕಳ ಮ್ಯೂಸಿಯಂ ಮಾಡಿಕೊಳ್ಳಬಹುದು.

ಹತ್ತಿರದ್ದು ಎಂದರೆ ಹಳೇಬೀಡು. ಹಾಸನದಿಂದ 30 ಕಿ.ಮೀ. ಆಸುಪಾಸು. ಚಿಕ್ಕಮಗಳೂರಿನವರು ಬೇಲೂರು ದಾಟಿ ಬರಬೇಕು, ಒಟ್ಟು 40 ಕಿ.ಮೀ. ಆಗುತ್ತದೆ. ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲೇ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರ ಮ್ಯೂಸಿಯಂ ಇದೆ. ಸುತ್ತ ಹುಲ್ಲುಹಾಸು. ಪುಟ್ಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಎರಡು ಜಿಲ್ಲೆಗಳಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಚಿಕ್ಕಮಗಳೂರಿನಲ್ಲಿ ಕಾಫಿ ಮಂಡಳಿಯವರ ಕಾಫಿ ಮ್ಯೂಸಿಯಂ ಇದೆ. ಕಾಫಿ ಗಿಡದಿಂದ ಲೋಟದವರೆಗೆ ಹೇಗೆ ಬರುತ್ತದೆ ಎಂದು ತೋರಿಸುತ್ತಾರೆ. ದೊಡ್ಡವರಿಗೆ ಚೆನ್ನ. ಎರಡು ವರ್ಷದವರಿಗೆ ಹುರಿದ ಕಾಫಿಯ ಘಮ, ಬೀಜದ ಬಣ್ಣ, ಅಷ್ಟರಲ್ಲಿ ಮುಗಿಯುತ್ತದೆ. ಇಪ್ಪತ್ತು ನಿಮಿಷದ ಜಾಗ ಎಂದು ತಿಳಿದು ಹೋದರೆ ಬೇಸರವಿಲ್ಲ. ಬಾಬಾ ಬುಡನ್ ಏಳು ಬೀಜ ತಂದ ಕಥೆಯನ್ನು ಏಳು ಬೆರಳು ಎಣಿಸಿ ಹೇಳಬಹುದು. ಸರ್ಕಾರಿ ಕಚೇರಿಯ ಜಾಗವಾದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ರಜೆ ವಿಚಾರಿಸಿಕೊಳ್ಳಿ. ನೋಡಿ ಮುಗಿದ ಮೇಲೆ ರತ್ನಗಿರಿ ಬೋರೆಗೆ ಹೋಗಿ ಮಗುವನ್ನು ಓಡಲು ಬಿಟ್ಟರೆ ಆ ದಿನ ಸಾರ್ಥಕ. ಪರಿಚಯದವರ ತೋಟ ಇದ್ದರೆ ಇನ್ನೂ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗಲು ಹಾಕಿರುವಾಗ ಹೋಗಿ. ಮುಟ್ಟಬೇಡ ಎಂದು ಹೇಳುವ ಕಾವಲುಗಾರ ಅಲ್ಲಿ ಇರುವುದಿಲ್ಲ. ಒಂದೇ ಎಚ್ಚರ: ಬೀಜ ಬಾಯಿಗೆ ಮಾತ್ರವಲ್ಲ, ಮೂಗಿಗೂ ಹೋಗುತ್ತದೆ. ಮೂಗಿಗೆ ಸೇರಿದ ಬೀಜವನ್ನು ಮನೆಯಲ್ಲೇ ಕೀಳಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಇಡೀ ದಿನದ ಪ್ರಯಾಣಕ್ಕೆ ಮಗು ಒಗ್ಗಿದ್ದರೆ ಮೈಸೂರು. ಹಾಸನದಿಂದ ಸುಮಾರು 120 ಕಿ.ಮೀ. ಅಲ್ಲಿ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಇದೆ, ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ. ಕಾರಂಜಿ ಕೆರೆಯ ದಡದಲ್ಲಿ 1995ರಿಂದ ನಡೆಯುತ್ತಿರುವ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹಾಸನಕ್ಕೆ ಸುಮಾರು 185 ಕಿ.ಮೀ. ದೂರ. ಅದನ್ನು ಮಗುವಿಗೆ ಮೂರು ತುಂಬುವವರೆಗೆ ಮುಂದಕ್ಕೆ ಹಾಕಿ ಎನ್ನುತ್ತೇನೆ. ನೆಂಟರ ಮನೆಗೆ ಹೇಗೂ ಹೋಗುತ್ತಿದ್ದರೆ ಬೇರೆ ಮಾತು.

ಯಾವ ವಯಸ್ಸಿಗೆ ಏನು

ಬಾಣಂತನದ ತಿಂಗಳುಗಳಲ್ಲಿ ಎಲ್ಲಿಗೂ ಬೇಡ. ಮೂರು ತಿಂಗಳೊಳಗಿನ ಕೂಸನ್ನು ಜನಸಂದಣಿಗೆ ಒಯ್ಯಬೇಡಿ. ಅಜ್ಜಿಯರೂ ಡಾಕ್ಟರೂ ಒಂದೇ ಮಾತು ಹೇಳುವ ಕೆಲವೇ ವಿಷಯಗಳಲ್ಲಿ ಇದೊಂದು.

ನಾಲ್ಕರಿಂದ ಎಂಟು ತಿಂಗಳ ಕೂಸಿನ ಜೊತೆ ಮ್ಯೂಸಿಯಂ ನೋಡುವುದು ಅತಿ ಸುಲಭ. ಅದು ಓಡುವುದಿಲ್ಲ. ಎದೆಗೆ ಕಟ್ಟಿಕೊಂಡರೆ ನಿದ್ದೆ ಮಾಡುತ್ತದೆ. ಎದ್ದಾಗ ಬೆಳಕು, ನೆರಳು, ಎತ್ತರದ ಚಾವಣಿ, ನಿಮ್ಮ ಮುಖ, ಇಷ್ಟನ್ನು ನೋಡುತ್ತದೆ. ಹುಟ್ಟಿದ ಕೂಸಿಗೆ ಒಂದು ಗೇಣು, ಒಂದೂವರೆ ಗೇಣಿನಾಚೆ ಸರಿಯಾಗಿ ಕಾಣುವುದಿಲ್ಲ. ಈ ವಯಸ್ಸಿಗೆ ಕಣ್ಣು ದೂರಕ್ಕೂ ಹೋಗುತ್ತದೆ, ಬಣ್ಣವೂ ತಿಳಿಯುತ್ತದೆ. ಇದು ನಿಜವಾಗಿ ಅಪ್ಪ ಅಮ್ಮನ ಪ್ರವಾಸ. ತಪ್ಪೇನಿಲ್ಲ. ತಿಂಗಳುಗಟ್ಟಲೆ ನಾಲ್ಕು ಗೋಡೆ ನೋಡಿದ ತಾಯಿಗೆ ಒಂದು ಬೆಳಗ್ಗೆ ಹೊರಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಅಂಬೆಗಾಲಿಡುವ ಮಗುವಿನ ಜೊತೆ ಸ್ವಲ್ಪ ಕಷ್ಟ. ನೆಲಕ್ಕೆ ಬಿಟ್ಟರೆ ಸಿಕ್ಕಿದ್ದೆಲ್ಲ ಬಾಯಿಗೆ. ಬಿಡದಿದ್ದರೆ ಅಳು. ಈ ಹಂತದಲ್ಲಿ ಕಟ್ಟಡಕ್ಕಿಂತ ಹುಲ್ಲುಹಾಸು ಮುಖ್ಯ.

ಒಂದೂವರೆ ವರ್ಷದಿಂದ ಮೂರು ವರ್ಷದವರೇ ನಿಜವಾದ ಪ್ರೇಕ್ಷಕರು. ಹೆಸರು ಕಲಿಯುವ ಕಾಲ ಅದು. ಕಂಡದ್ದನ್ನೆಲ್ಲ "ಇದೇನು" ಎಂದು ಕೇಳುತ್ತಾರೆ, ಹೇಳಿದ್ದನ್ನು ಮತ್ತೆ ಕೇಳುತ್ತಾರೆ. ಮುಂದಿನ ಸಲಹೆಗಳಲ್ಲಿ ಹೆಚ್ಚಿನವು ಇವರಿಗೇ.

ದಿನ ಮತ್ತು ಹೊತ್ತು

ಪುರಾತತ್ವ ಇಲಾಖೆಯ ಸ್ಥಳೀಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಹಳೇಬೀಡಿಗೂ ಅಷ್ಟೇ. ದೇವಸ್ಥಾನ ತೆರೆದಿರುತ್ತದೆ, ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಮೈಸೂರಿನ ಪ್ರಾಕೃತಿಕ ಇತಿಹಾಸ ಮ್ಯೂಸಿಯಂಗೆ ಸೋಮವಾರ ರಜೆ. ಭಾನುವಾರ ಎಲ್ಲ ಕಡೆ ಜನ. ಡಿಸೆಂಬರ್ ತಿಂಗಳು ಬಂತೆಂದರೆ ಹಳೇಬೀಡಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲೇ ನಿಂತಿರುತ್ತದೆ. ಇನ್ನೂರು ಮಕ್ಕಳು ಒಟ್ಟಿಗೆ ಕೂಗುತ್ತಾ ಬರುವಾಗ ನಿಮ್ಮ ಪಾಪು ಆನೆ ನೋಡುವುದಿಲ್ಲ, ಆ ಮಕ್ಕಳನ್ನು ನೋಡುತ್ತದೆ. ಅದೂ ಒಂದು ನೋಟವೇ ಅನ್ನಿ. ಒಬ್ಬರಿಗೆ ರಜೆ ಹಾಕಲು ಆಗುವುದಾದರೆ ಮಂಗಳವಾರ, ಬುಧವಾರ, ಗುರುವಾರ ಒಳ್ಳೆಯದು.

ಹೊತ್ತು ಗೊತ್ತು ಮಾಡುವಾಗ ಮ್ಯೂಸಿಯಂ ಗಡಿಯಾರ ನೋಡಬೇಡಿ, ಮಗುವಿನ ನಿದ್ದೆ ನೋಡಿ. ಒಂದು ವರ್ಷ ದಾಟಿದ ಹೆಚ್ಚಿನ ಮಕ್ಕಳು ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನು ತಪ್ಪಿಸಿ ಲಾಭವಿಲ್ಲ. ಹಾಗಾಗಿ ಬೆಳಗ್ಗೆ ಎಂಟಕ್ಕೆ ತಿಂಡಿ ತಿನ್ನಿಸಿ ಹೊರಟು, ಒಂಬತ್ತೂವರೆ ಹೊತ್ತಿಗೆ ಹಳೇಬೀಡಿನಲ್ಲಿ ಇರಿ. ಹನ್ನೊಂದಕ್ಕೆ ಹೊರಗೆ ಬನ್ನಿ. ವಾಪಸ್ ದಾರಿಯಲ್ಲಿ ಮಗು ತಾನಾಗಿಯೇ ಮಲಗುತ್ತದೆ. ನೀವು ಮಾತಾಡಿಕೊಂಡು ಬರಬಹುದು, ಅಥವಾ ಮಾತಾಡದೆ.

ಕಾಲವನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿಕ್ಕಮಗಳೂರು ಕಡೆಯಿಂದ ಹೊರಡುವವರಿಗೆ ಮಳೆ. ನೆನೆದ ಕಲ್ಲು ಜಾರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೇರೆಯದೇ ಪಾಡು, ಅದನ್ನು ಚಪ್ಪಲಿ ವಿಚಾರದಲ್ಲಿ ಹೇಳುತ್ತೇನೆ. ನವೆಂಬರ್‌ನಿಂದ ಫೆಬ್ರವರಿ ಹದ ಚೆನ್ನಾಗಿರುತ್ತದೆ. ಬೆಳಗಿನ ಮಂಜಿಗೆ ಕುಲಾವಿ ಮರೆಯಬೇಡಿ.

ಮಗುವಿಗೆ ಹಿಂದಿನ ರಾತ್ರಿ ಮೈ ಬೆಚ್ಚಗಿದ್ದರೆ, ಮೈಮೇಲೆ ಗುಳ್ಳೆ ಕಂಡರೆ ಪ್ರವಾಸ ಮುಂದಕ್ಕೆ ಹಾಕಿ. ನಿಮ್ಮ ಮಗುವಿಗಾಗಿ ಮಾತ್ರವಲ್ಲ, ಅಲ್ಲಿಗೆ ಬರುವ ಬೇರೆ ಕೂಸುಗಳಿಗಾಗಿಯೂ.

ಹೋಗುವುದು ಹೇಗೆ

ಕಾರಿದ್ದರೆ ಮಗುವಿಗೆ ಹಿಂದಿನ ಸೀಟಿನಲ್ಲಿ ಅದರದೇ ಕೂಸಿನ ಸೀಟು ಹಾಕಿ. ಮುಂದೆ ಮಡಿಲಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಜೋರಾಗಿ ಬ್ರೇಕ್ ಹಾಕಿದರೆ ಯಾರ ತೋಳಿಗೂ ಹಿಡಿಯುವ ಶಕ್ತಿ ಇರುವುದಿಲ್ಲ. ಸ್ಕೂಟರ್ ಆದರೆ ಊರೊಳಗೆ ಮಾತ್ರ. ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ ಬೇಕು, ಒಂಬತ್ತು ತಿಂಗಳು ದಾಟಿದ್ದರೆ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ದಾಟಬಾರದು. ಹಳೇಬೀಡಿಗೆ ಸ್ಕೂಟರ್ ಬೇಡ.

ಕೆಂಪು ಬಸ್ಸೂ ಕೆಟ್ಟದ್ದೇನಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಅಮ್ಮ, ಅಜ್ಜಿ, ಅತ್ತೆ ಎಲ್ಲರೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದೆ ಬರಬಹುದು, ಗುರುತಿನ ಚೀಟಿ ಇದ್ದರೆ ಆಯಿತು. ಕೂಸಿಗೆ ಹೇಗೂ ಟಿಕೆಟ್ ಇಲ್ಲ. ದುಡ್ಡು ಕೊಡುವವನು ಅಪ್ಪ ಒಬ್ಬನೇ. ಮೈಸೂರಿಗಾದರೆ ರೈಲೇ ವಾಸಿ. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗುತ್ತದೆ. ಐದು ವರ್ಷದೊಳಗಿನವರಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಮಗುವಿಗೆ ಎದ್ದು ಓಡಾಡಲು ಜಾಗ ಇರುತ್ತದೆ. ನಿಜ ಹೇಳಬೇಕೆಂದರೆ ರೈಲ್ವೆ ಮ್ಯೂಸಿಯಂಗೆ ರೈಲಿನಲ್ಲಿ ಹೋದ ಮಗುವಿಗೆ ಅರ್ಧ ಮ್ಯೂಸಿಯಂ ದಾರಿಯಲ್ಲೇ ಮುಗಿದಿರುತ್ತದೆ.

ಹಿಂದಿನ ಎರಡು ಮೂರು ದಿನ

ಪುಟ್ಟ ಮಕ್ಕಳಿಗೆ ತೀರಾ ಹೊಸದು ಖುಷಿ ಕೊಡುವುದಿಲ್ಲ, ಗೊತ್ತಿದ್ದದ್ದು ಹೊಸ ಜಾಗದಲ್ಲಿ ಸಿಕ್ಕರೆ ಕುಣಿಯುತ್ತಾರೆ. ಹಳೇಬೀಡಿಗೆ ಹೋಗುವುದಾದರೆ ಎರಡು ದಿನ ಮುಂಚಿನಿಂದ ಆನೆ ಹಾಡು ಹೇಳಿ, ಆನೆ ಚಿತ್ರ ತೋರಿಸಿ, ಕುದುರೆ ಹೇಗೆ ಕೆನೆಯುತ್ತದೆ ಎಂದು ಮಾಡಿ ತೋರಿಸಿ. ರೈಲ್ವೆ ಮ್ಯೂಸಿಯಂ ಆದರೆ ಚುಕುಬುಕು ಆಟ ಆಡಿ. ಮೂರೇ ಹೆಸರು ಸಾಕು. ಪಟ್ಟಿ ಮಾಡಿ ಪಾಠ ಹೇಳಲು ಹೋಗಬೇಡಿ, ಪರೀಕ್ಷೆ ಏನೂ ಇಲ್ಲ.

ಹಳೆ ಮನೆ ಇದ್ದರೆ ಅದೂ ಒಂದು ಅಭ್ಯಾಸದ ಜಾಗ. ಬೀಸುಕಲ್ಲು, ಒರಳು, ಕೊಳಗ, ಕಂದೀಲು. ಒಂದೊಂದನ್ನು ತೋರಿಸಿ, ಮುಟ್ಟಲು ಬಿಡಿ. "ಇದನ್ನು ಮುಟ್ಟಬಹುದು, ಅದನ್ನು ನೋಡೋದು ಮಾತ್ರ" ಎಂಬ ಆಟವನ್ನು ಮನೆಯಲ್ಲೇ ಆಡಿದರೆ ಅಲ್ಲಿ ಹೋದಾಗ ಮಾತು ಕೇಳುವ ಸಾಧ್ಯತೆ ಸ್ವಲ್ಪ ಜಾಸ್ತಿ. ಸ್ವಲ್ಪ ಅಷ್ಟೇ.

ಬ್ಯಾಗು

ಒಂದೇ ಬ್ಯಾಗು, ಬೆನ್ನಿಗೆ ಹಾಕುವಂಥದ್ದು. ಎರಡು ಕೈಯೂ ಖಾಲಿ ಇರಬೇಕು. ಡೈಪರ್, ಒದ್ದೆ ಬಟ್ಟೆಗೆ ಒಂದು ಕವರ್, ಎರಡು ಜೊತೆ ಬಟ್ಟೆ, ನೀರು, ಟೋಪಿ, ದಪ್ಪ ಕಾಲುಚೀಲ, ಒಂದು ಹಳೆಯ ಕಾಟನ್ ಸೀರೆ. ಸೀರೆ ಯಾಕೆ ಎಂದರೆ ಅದು ಹಾಸಿಗೆ, ಹೊದಿಕೆ, ಹಾಲು ಕುಡಿಸುವಾಗ ಮರೆ, ಬಿಸಿಲಿಗೆ ನೆರಳು, ಸುಸ್ತಾದಾಗ ಮಗುವನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಜೋಳಿಗೆ, ಎಲ್ಲವೂ ಆಗುತ್ತದೆ. ತಳ್ಳುಗಾಡಿ ಹಳೇಬೀಡಿಗೆ ತರಬೇಡಿ. ಮೆಟ್ಟಿಲು ಹತ್ತಿಸಬೇಕು, ಆಮೇಲೆ ಅದನ್ನು ಕಾಯುವವರು ಒಬ್ಬರು ಬೇಕು.

ತಿನ್ನುವುದಕ್ಕೆ ಮನೆಯದೇ ಇರಲಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಅದಾದ ಮೇಲಿನವರಿಗೆ ಫ್ಲಾಸ್ಕಿನಲ್ಲಿ ರಾಗಿ ಸರಿ, ಏಲಕ್ಕಿ ಬಾಳೆ, ಇಡ್ಲಿ. ಮೊಸರನ್ನ ಬೆಳಗಿನ ಪ್ರವಾಸಕ್ಕೆ ಸರಿ, ಬಿಸಿಲಿನ ದಿನ ಮಧ್ಯಾಹ್ನದವರೆಗೆ ಇಡಬೇಡಿ. ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಗಟ್ಟಿ ಚಕ್ಕುಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಅವು ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬಹುದು. ತೋಟದ ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷದೊಳಗಿನ ಕೂಸಿನ ನಾಲಿಗೆಗೆ ತಾಗಿಸಬೇಡಿ. ಮಲೆನಾಡಿನ ಮನೆಗಳಲ್ಲಿ ಜೇನು ನೆಕ್ಕಿಸುವ ರೂಢಿ ಇನ್ನೂ ಇದೆ, ಅದರಿಂದ ಕೂಸಿಗೆ ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ಹಳೇಬೀಡಿನಲ್ಲಿ ಒಂದು ಬೆಳಗ್ಗೆ

ದೇವಸ್ಥಾನದ ಕಡೆಯಿಂದಲೇ ಶುರು ಮಾಡಿ, ಮ್ಯೂಸಿಯಂ ಆಮೇಲೆ. ಚಪ್ಪಲಿ ಬಿಟ್ಟು ಜಗತಿ ಹತ್ತಬೇಕು. ಇಲ್ಲಿಯೇ ಕಾಲುಚೀಲದ ಕೆಲಸ. ಮಾರ್ಚ್, ಏಪ್ರಿಲ್ ಹನ್ನೊಂದು ಗಂಟೆಯ ಹೊತ್ತಿಗೆ ಆ ಕಲ್ಲು ಕಾದ ಕಾವಲಿ. ನಮ್ಮ ಪಾದಕ್ಕೇ ತಡೆಯುವುದಿಲ್ಲ, ನಡೆಯಲು ಕಲಿತು ಆರು ತಿಂಗಳಾದ ಪಾದಕ್ಕೆ ಕೇಳಬೇಕೇ. ಮಗು ಯಾಕೆ ಅಳುತ್ತಿದೆ ಎಂದು ಅದಕ್ಕೆ ಹೇಳಲೂ ಬರುವುದಿಲ್ಲ.

ಜಗತಿ ಅಂದರೆ ದೇವಸ್ಥಾನ ನಿಂತಿರುವ ನಕ್ಷತ್ರದಾಕಾರದ ಕಟ್ಟೆ. ಸುತ್ತ ನಡೆಯಲು ಅಗಲವಾಗಿದೆ, ಆದರೆ ಅಂಚಿಗೆ ಕಟಕಟೆ ಇಲ್ಲ. ಆದ್ದರಿಂದ ಮಗು ಗೋಡೆ ಕಡೆ, ನೀವು ಅಂಚಿನ ಕಡೆ. ಈ ಒಂದು ನಿಯಮವನ್ನು ಇಬ್ಬರೂ ಮಾತಾಡಿಕೊಂಡೇ ಹತ್ತಿ.

ಈಗ ನೋಡುವುದು. 1121ರ ಹೊತ್ತಿಗೆ ಕೆಲಸ ಶುರುವಾದ ಈ ಗೋಡೆಯ ಕೆಳಭಾಗದಲ್ಲಿ ಸಾಲು ಸಾಲಾಗಿ ಪಟ್ಟಿಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ. ಅದರ ಮೇಲೆ ಸಿಂಹ. ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ದೊಡ್ಡವರು ಕತ್ತೆತ್ತಿ ದೇವರ ದೊಡ್ಡ ವಿಗ್ರಹಗಳನ್ನು ನೋಡುತ್ತಾರೆ, ಗೈಡುಗಳು ಹೇಳುವುದೂ ಅವುಗಳ ಬಗ್ಗೆಯೇ. ಆನೆ ನೋಡಬೇಕಾದರೆ ನಾವು ಬಗ್ಗಬೇಕು. ಎರಡು ವರ್ಷದ ಮಗು ಬಗ್ಗಬೇಕಿಲ್ಲ. ಆನೆ, ಸಿಂಹ, ಕುದುರೆ ಅದರ ಎದೆಮಟ್ಟಕ್ಕೆ, ಕಣ್ಣುಮಟ್ಟಕ್ಕೆ ಬರುತ್ತವೆ. ಮಕ್ಕಳಿಗಾಗಿ ಯಾರೂ ಹೀಗೆ ಮಾಡಲಿಲ್ಲ, ಭಾರ ಹೊರುವ ಪ್ರಾಣಿ ಅಡಿಯಲ್ಲಿರಲಿ ಎಂದು ಕೆತ್ತಿರಬಹುದು. ನಮಗೆ ಅನುಕೂಲವಾಯಿತು.

ಆಟ ಹೀಗೆ ಆಡಿ. ನೀವೂ ಕುಕ್ಕರುಗಾಲಲ್ಲಿ ಕೂತು, ಆನೆ ಸಾಲಿನ ಜೊತೆ ಗೋಡೆ ಬಳಸಿ ನಡೆಯಿರಿ. "ಈ ಆನೆ ಸೊಂಡಿಲು ಎಲ್ಲಿಟ್ಟಿದೆ? ಮುಂದಿನ ಆನೆ ಏನು ಮಾಡ್ತಿದೆ?" ಒಂದರ ಹಾಗೆ ಇನ್ನೊಂದು ಇಲ್ಲದಿರುವುದರಿಂದ ಈ ಪ್ರಶ್ನೆಗೆ ಪ್ರತಿ ಸಲ ಬೇರೆ ಉತ್ತರ ಸಿಗುತ್ತದೆ. ಗೋಡೆ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುತ್ತದಲ್ಲ, ಪ್ರತಿ ಮೂಲೆಯಲ್ಲೂ "ಆಚೆ ಯಾರಿದ್ದಾರೆ" ಎಂದು ಇಣುಕುವ ಆಟ. ಎಂಟು ತಿಂಗಳ ಕೂಸಿಗೂ ಅಪ್ಪ ಮೂಲೆಯ ಹಿಂದೆ ಅಡಗಿ ಬೂ ಎಂದರೆ ನಗು ಬರುತ್ತದೆ, ಕಾಣದೆ ಹೋದದ್ದು ಇನ್ನೂ ಅಲ್ಲೇ ಇದೆ ಎಂದು ತಿಳಿಯುವ ವಯಸ್ಸು ಅದು. ಮೂರು ತುಂಬಿದವರಿಗೆ "ಹಂಸ ಹುಡುಕು" ಎನ್ನಿ. ಅದು ಮೇಲಿದೆ, ಎತ್ತಿಕೊಳ್ಳಬೇಕಾಗುತ್ತದೆ. ಕಾಲು ನೋವು ಎನ್ನುವ ಹೊತ್ತಿಗೆ ಈ ಆಟ ಇಟ್ಟುಕೊಳ್ಳಿ.

ಪೂರ್ತಿ ಸುತ್ತಬೇಕಿಲ್ಲ. ಅರ್ಧ ಗೋಡೆ ಸಾಕು. ಆಮೇಲೆ ನಂದಿ. ಮಂಟಪದಲ್ಲಿ ಎರಡು ದೊಡ್ಡ ನಂದಿಗಳಿವೆ. ಇದುವರೆಗೆ ಪುಟ್ಟ ಪುಟ್ಟ ಆನೆ ನೋಡಿದ ಮಗುವಿಗೆ ಅಷ್ಟು ದೊಡ್ಡ ಬಸವ ಕಂಡರೆ ಬಾಯಿ ತೆರೆದು ನಿಲ್ಲುತ್ತದೆ. ಕೆಲವರು ಹೆದರುತ್ತಾರೆ. ಹೆದರಿದರೆ ಹತ್ತಿರ ಎಳೆಯಬೇಡಿ, "ಏನೂ ಮಾಡಲ್ಲ, ಹೋಗು ಹೋಗು" ಎಂದು ನೂಕಬೇಡಿ. ದೂರದಿಂದ ಕೈ ಬೀಸಿ ಬನ್ನಿ.

ಮುಟ್ಟುವ ವಿಚಾರ. ಈ ಶಿಲ್ಪಗಳೆಲ್ಲ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಹಾಗಾಗಿಯೇ ಅಷ್ಟು ನವುರಾಗಿ ಕೆತ್ತಲು ಆಯಿತು. ಸಾವಿರಾರು ಕೈಗಳ ಎಣ್ಣೆ, ಬೆವರು ತಾಗಿದರೆ ಅದು ಹಾಳಾಗುತ್ತದೆ. ಈ ದೇವಸ್ಥಾನ 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಮಗುವಿಗೆ ಇದನ್ನೆಲ್ಲ ಹೇಳಿ ಫಲವಿಲ್ಲ. "ಬೇಡ" ಎಂದು ನೂರು ಸಲ ಹೇಳುವ ಬದಲು ಕೈಗೆ ಒಂದು ಕೆಲಸ ಕೊಡಿ. ಒಂದು ಕೈಯಲ್ಲಿ ಮರದ ಪುಟ್ಟ ಆನೆ, ಇನ್ನೊಂದು ಕೈ ನಿಮ್ಮ ಕೈಯಲ್ಲಿ. ತನ್ನ ಆನೆಗೆ ಗೋಡೆಯ ಆನೆ ತೋರಿಸುವ ಮಗು ಗೋಡೆ ಮುಟ್ಟುವುದು ಕಡಿಮೆ. ಮೂರು ದಾಟಿದವರಿಗೆ ಸ್ಲೇಟು, ಬಳಪ ತನ್ನಿ, ಹುಲ್ಲುಹಾಸಿನ ಮೇಲೆ ಕೂತು ಆನೆ ಗೀಚಲಿ. ಸ್ಲೇಟಿನ ಬಳಪವೂ ಅದೇ ಜಾತಿಯ ಕಲ್ಲು. ಗೋಡೆಯ ಹತ್ತಿರ ಮಾತ್ರ ಬಳಪ ಬ್ಯಾಗಿನೊಳಗೇ ಇರಲಿ, ಸ್ಮಾರಕದ ಮೇಲೆ ಗೀಚುವುದು ಶಿಕ್ಷೆಯಾಗುವ ಅಪರಾಧ. ಬಳಪ ತಿನ್ನುವ ಚಟ ಇರುವ ಮಕ್ಕಳಿಗೆ ಸ್ಲೇಟೂ ಬೇಡ.

ಆಮೇಲೆ ಮ್ಯೂಸಿಯಂ. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ದೊಡ್ಡವರಿಗೂ ಚಿಲ್ಲರೆ ಕಾಸು. ಒಳಗಿರುವ ವಿಗ್ರಹಗಳನ್ನು ಹತ್ತು ನಿಮಿಷದಲ್ಲಿ ನೋಡಿ. ಹೊರಗೆ ಬಯಲಿನಲ್ಲಿ ಇಟ್ಟಿರುವ ಶಿಲ್ಪಗಳ ನಡುವೆ ಓಡಾಡುವುದೇ ಮಕ್ಕಳಿಗೆ ಇಷ್ಟ. ಹೊಟ್ಟೆ ಡೊಳ್ಳು ಗಣಪತಿ ಕಂಡರೆ ಪರಿಚಯದವರು ಸಿಕ್ಕಷ್ಟು ಖುಷಿ.

ಇಷ್ಟಾದರೂ ಮಗು ಹುಷಾರಾಗಿದ್ದರೆ ಮಾತ್ರ ಅರ್ಧ ಕಿಲೋಮೀಟರ್ ಆಚೆಯ ಬಸದಿಗಳಿಗೆ ಹೋಗಿ. ಜನ ಕಡಿಮೆ, ಗಲಾಟೆ ಇಲ್ಲ. ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನುಣುಪು ಮಾಡಿದ್ದಾರೆಂದರೆ ಎದುರು ನಿಂತರೆ ಮುಖ ಕಾಣುತ್ತದೆ. ಕನ್ನಡಿ ಕಂಡರೆ ಕಣ್ಣರಳಿಸುವ ವಯಸ್ಸಿನವರಿಗೆ ಇದು ಆನೆಗಿಂತಲೂ ದೊಡ್ಡ ಆಕರ್ಷಣೆ. ಕೂಸಿಗೆ ಹಾಲು ಕುಡಿಸಲೂ ಇಲ್ಲಿಯ ನೆರಳು ಚೆನ್ನ. ಹೊರಗಿನ ಕಟ್ಟೆ ನೋಡಿಕೊಂಡು ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಬೇಲೂರನ್ನು ಅದೇ ದಿನ ಸೇರಿಸಬೇಡಿ. 16 ಕಿ.ಮೀ. ಅಷ್ಟೇ ಅಲ್ವಾ ಅನ್ನಿಸುತ್ತದೆ. ಪೂಜೆ ನಡೆಯುವ ದೇವಸ್ಥಾನ, ಸಾಲು, ಒಳಗೆ ಕತ್ತಲೆ. ಅದಕ್ಕೆ ಬೇರೆ ದಿನ.

ಎಂಜಿನ್, ಡೈನೋಸಾರ್ ಇರುವ ಕಡೆ

ಮೈಸೂರಿನ ರೈಲ್ವೆ ಮ್ಯೂಸಿಯಂ ಬಯಲಿನಲ್ಲಿದೆ. ಹಳೆಯ ಎಂಜಿನ್‌ಗಳನ್ನು ಹತ್ತಿರದಿಂದ ನೋಡಬಹುದು. ಚಕ್ರವೇ ಮಗುವಿಗಿಂತ ಎತ್ತರ. ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ, ತೆಗೆಯಿರಿ, ಆದರೆ ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಕೈ ಇಡಿಸುವ ಮುನ್ನ ನೀವು ಮುಟ್ಟಿ ನೋಡಿ. ಮಹಾರಾಜರ ಕಾಲದ ರಾಜವೈಭವದ ಬೋಗಿಗಳೂ ಇವೆ, ಅದು ಅಜ್ಜಿಯರಿಗೆ. ಮಗುವಿಗೆ ಪುಟಾಣಿ ರೈಲು. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಹತ್ತಿಸಿದರೆ ಬೇರೇನನ್ನೂ ನೋಡುವುದಿಲ್ಲ.

ಪ್ರಾಕೃತಿಕ ಇತಿಹಾಸದ ಮ್ಯೂಸಿಯಂನಲ್ಲಿ ಕಾಡಿನ ದೃಶ್ಯಗಳನ್ನು ಪ್ರಾಣಿಗಳ ಮಾದರಿ ಇಟ್ಟು ಕಟ್ಟಿದ್ದಾರೆ. ಮಳೆ ದಿನಕ್ಕೆ ಒಳ್ಳೆಯ ಜಾಗ. ಹೊರಬಂದರೆ ಕಾರಂಜಿ ಕೆರೆ.

ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಜನರಿಗೆ ತೆರೆದದ್ದು 1965ರಲ್ಲಿ. ದೊಡ್ಡ ಯಂತ್ರಗಳು, ಗುಂಡಿ ಒತ್ತಿದರೆ ತಿರುಗುವ ಮಾದರಿಗಳು ತುಂಬಾ ಇವೆ. ಅಲ್ಲಿ ಅಲುಗಾಡುವ, ಗರ್ಜಿಸುವ ಡೈನೋಸಾರ್ ಒಂದಿದೆ. ಐದು ವರ್ಷದವರಿಗೆ ಅದೇ ದೊಡ್ಡ ಆಕರ್ಷಣೆ, ಎರಡು ವರ್ಷದವರಿಗೆ ರಾತ್ರಿ ಕನಸಿನಲ್ಲೂ ಬೆಚ್ಚುವಷ್ಟು ಹೆದರಿಕೆ. ಮೊದಲು ದೂರದಿಂದ ಸದ್ದು ಕೇಳಿಸಿ, ಮುಖ ನೋಡಿ, ಆಮೇಲೆ ತೀರ್ಮಾನ ಮಾಡಿ. ಗುಂಡಿ ಒತ್ತುವ ಕಡೆ ಇಡೀ ಗಂಟೆ ಒಂದೇ ಗುಂಡಿ ಒತ್ತುತ್ತಾ ನಿಂತರೆ ನಿಲ್ಲಲಿ. ಸಾಲಿನಲ್ಲಿ ಬೇರೆ ಮಕ್ಕಳಿದ್ದರೆ ಮಾತ್ರ ಎತ್ತಿಕೊಳ್ಳಿ. ಸಾಕಾದ ಮೇಲೆ ಕಬ್ಬನ್ ಪಾರ್ಕ್ ಪಕ್ಕದಲ್ಲೇ ಇದೆ.

ರಚ್ಚೆ ಹಿಡಿದರೆ

ಮೊದಲು ಹೊಟ್ಟೆ, ಆಮೇಲೆ ಡೈಪರ್, ಆಮೇಲೆ ನಿದ್ದೆ, ಆಮೇಲೆ ಸೆಕೆ. ಈ ನಾಲ್ಕೂ ಅಲ್ಲದಿದ್ದರೆ ಸದ್ದು ಅಥವಾ ಜನ ಜಾಸ್ತಿ ಆಗಿರಬೇಕು. ಹೊರಗೆ ಎತ್ತಿಕೊಂಡು ಹೋಗಿ, ಮರದ ಕೆಳಗೆ ಕೂತುಕೊಳ್ಳಿ. ಫೋನ್ ಕೊಟ್ಟು ಸುಮ್ಮನಾಗಿಸಿ ಮತ್ತೆ ಒಳಗೆ ಕರೆದುಕೊಂಡು ಹೋದರೆ ಅದು ಫೋನನ್ನೇ ನೋಡುತ್ತದೆ. ಹಾಗೆ ನೋಡಲು ಮನೆಯೇ ಸಾಕಿತ್ತು.

ಯಾರಾದರೂ ತಿರುಗಿ ನೋಡುತ್ತಾರೆ ಎಂಬ ಮುಜುಗರ ಬಿಡಿ. ನಮ್ಮ ಕಡೆ ಅಳುವ ಮಗುವಿಗೆ ಬಿಸ್ಕತ್ತು ಕೊಡಲು ಬರುವವರೇ ಜಾಸ್ತಿ. ಆ ಬಿಸ್ಕತ್ತನ್ನು ನಗುತ್ತಲೇ ಬೇಡ ಎನ್ನುವುದನ್ನು ಕಲಿತುಕೊಂಡಿರಿ.

ಮಗು ಕೈ ತಪ್ಪಿ ಹೋಗುವುದು ಕಣ್ಣು ಮುಚ್ಚಿ ತೆರೆಯುವುದರೊಳಗೆ. ಗಾಢ ಬಣ್ಣದ ಅಂಗಿ ಹಾಕಿ. ಅಂಗಿಯ ಒಳಗಡೆ ನಿಮ್ಮ ಫೋನ್ ನಂಬರ್ ಬರೆದ ಬಟ್ಟೆ ಚೂರು ಹೊಲಿಯಿರಿ. ಹೊರಡುವ ಮುನ್ನ ಅದೇ ಬಟ್ಟೆಯಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಹುಡುಕುವಾಗ ತೋರಿಸಲು ಆಗುತ್ತದೆ. "ನೀನು ನೋಡ್ತಿದ್ದೀಯ ಅಂದ್ಕೊಂಡೆ" ಎಂಬ ಮಾತು ಬರಬಾರದು ಎಂದಿದ್ದರೆ, ಯಾರ ಪಾಳಿ ಎಂದು ಬಾಯಿ ಬಿಟ್ಟು ಹೇಳಿ: ಈ ಅರ್ಧ ಗಂಟೆ ನಾನು, ಆಮೇಲೆ ನೀನು.

ಜೊತೆಗೆ ಯಾರು

ಅಜ್ಜಿ ಅಥವಾ ತಾತ ಒಬ್ಬರು ಬಂದರೆ ಒಳ್ಳೆಯದು, ಅವರ ಮೊಣಕಾಲಿಗೆ ಮೆಟ್ಟಿಲು ಆಗುವುದಾದರೆ. ಆಗದಿದ್ದರೆ ಅವರಿಗೆ ಹುಲ್ಲುಹಾಸಿನ ಪಕ್ಕ ಕೂರುವ ಜಾಗ ಮಾಡಿ, ಬ್ಯಾಗು, ಸೀರೆ, ತಿಂಡಿ ಎಲ್ಲ ಅವರ ಹತ್ತಿರ. ಅದೇ ನಿಮ್ಮ ತಂಗುದಾಣ.

ಆರೇಳು ವರ್ಷದ ಅಣ್ಣ ಅಥವಾ ಅಕ್ಕ ಜೊತೆಗಿದ್ದರೆ ಈ ಲೇಖನದ ಅರ್ಧ ಲೆಕ್ಕ ತಪ್ಪುತ್ತದೆ. ದೊಡ್ಡದಕ್ಕೆ ಎಲ್ಲ ನೋಡಬೇಕು, ಚಿಕ್ಕದಕ್ಕೆ ಒಂದೇ ಆನೆ ಸಾಕು. ಒಟ್ಟಿಗೆ ನಡೆಸಲು ಹೋದರೆ ಇಬ್ಬರೂ ಅಳುತ್ತಾರೆ. ಮೊದಲ ಇಪ್ಪತ್ತು ನಿಮಿಷ ಎಲ್ಲರೂ ಒಟ್ಟಿಗೆ, ಆಮೇಲೆ ಅಪ್ಪ ದೊಡ್ಡದರ ಜೊತೆ ಒಳಗೆ, ಅಮ್ಮ ಚಿಕ್ಕದರ ಜೊತೆ ಹೊರಗೆ. ಮುಂದಿನ ಸಲ ಅದಲು ಬದಲು. ಆನೆ ಸಾಲಿನ ಆಟದಲ್ಲಿ ದೊಡ್ಡದನ್ನೇ ಗೈಡ್ ಮಾಡಿ, "ತಮ್ಮನಿಗೆ ನೀನೇ ತೋರಿಸು" ಎಂದು ಬಿಟ್ಟರೆ ಹತ್ತು ನಿಮಿಷವಾದರೂ ನಿಮಗೆ ಬಿಡುವು. ಅಷ್ಟು ಹೊತ್ತಿನಲ್ಲಿ ಮೇಲಿನ ಸಾಲಿನ ದೊಡ್ಡ ವಿಗ್ರಹಗಳನ್ನು ನೀವೂ ಒಮ್ಮೆ ನೋಡಿಕೊಳ್ಳಬಹುದು.